ಕರೆಯದೆ ಬಂದ ಅತಿಥಿ

ತಿಥಿಯನ್ನು ನೋಡದೆ ಬರುವವನೇ ಅತಿಥಿಯೆಂದು ನಾವು ಪಾಠ ಹೇಳಿದ್ದುಂಟು. ಮರಳುನೊಣವು ಅಂತಹ ಅತಿಥಿ. ಸುಮಾರು 3 ಮಿಲಿಮೀಟರು ಉದ್ದದ ಈ ಕೀಟವು ಸೊಳ್ಳೆಯಂತೆ ನಿಂತ ನೀರನ್ನು ಬಯಸದು. ಎಲೆ, ಗೊಬ್ಬರಗಳು ಕೊಳೆತ ತಂಪು ಮಣ್ಣಿನಲ್ಲಿ ಮೊಟ್ಟೆಯಿಡುವುದು.

ಬಿಹಾರದವರು ಕಾಲಾ ಅಜಾರ್ ಎನ್ನುವ ಜ್ವರವನ್ನು ಹರಡುವುದು ಈ ನೊಣವೇ. ಚಿಕಿತ್ಸೆ ದೊರೆಯದಿದ್ದರೆ ಪ್ಲೀಹವು ಊದಿ, ರೋಗಿಯು ಕ್ಷಯಿಸಿ ಸಾಯುವನು. ಬ್ರೆಜಿಲ್ ದೇಶದಲ್ಲಿ ಇದನ್ನು ಬಹುಕಾಲ ಹಳ್ಳಿಗಾಡಿನ ವ್ಯಾಧಿಯೆಂದೇ ಎಣಿಸಿದ್ದರು. ಅನಾವೃಷ್ಟಿಯಿಂದ ನೊಂದ ಜನರು ನಾಯಿ, ಕೋಳಿಗಳೊಡನೆ ಪಟ್ಟಣದ ಅಂಚನ್ನು ಸೇರಿದರು. 1980ರ ದಶಕದ ಆರಂಭದಲ್ಲಿ ತೆರೆಸಿನಾ ನಗರದೊಳಗೇ ಜ್ವರವು ಹಬ್ಬಿತು. ಬಳಿಕ ಅಲ್ಲಿಯ ಇತರ ನಗರಗಳಿಗೂ ವ್ಯಾಪಿಸಿತು. ನಾಯಿಯ ದೇಹವು ರೋಗಾಣುವಿಗೆ ನೆಲೆಯಾಯಿತು. ಕೋಳಿಗೆ ಈ ರೋಗವು ತಗಲದು. ಆದರೂ ಅದರ ರಕ್ತವು ನೊಣವನ್ನು ಪೋಷಿಸಿತು.

ಈ ನೊಣವು ಬಹುದೂರ ಹಾರಲಾರದು. ಕಚ್ಚಿದ ನೊಣವು ಹುಟ್ಟಿದ್ದು ಬಹುಮಟ್ಟಿಗೆ ಆ ಮನೆಯ ಸುತ್ತಿನಲ್ಲಿಯೇ. ಅದು ನಗರವನ್ನು ಗೆದ್ದಿತೆನ್ನುವುದಕ್ಕಿಂತ, ಮನುಷ್ಯನೇ ಹಿತ್ತಿಲಿನಲ್ಲಿ ಅದಕ್ಕೆ ಎಡೆಯಿತ್ತನೆನ್ನುವುದು ಸರಿ. ಕೊಳೆತುದನ್ನು ಗುಡಿಸಿ ತೆಗೆಯುವುದೂ, ಕೋಳಿಗೂಡನ್ನು ಮಲಗುವ ಕೋಣೆಯಿಂದ ದೂರವಿಡುವುದೂ ಗೃಹಸ್ಥನ ಕೈಯಲ್ಲಿಯೇ ಇವೆ. ಎಲ್ಲ ಅತಿಥಿಗಳಿಗೂ ಸತ್ಕಾರವು ಸಲ್ಲದೆಂಬುದನ್ನು ವಾಚಕರು ಮರೆಯದಿರಲಿ.