ಮನೆಬಾಗಿಲಿಗೆ ಬರುವ ಶುಶ್ರೂಷೆ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಕಟ್ಟಡ, ಸಾಲು ಮಂಚಗಳು, ಔಷಧದ ವಾಸನೆ. ಆದರೆ ದೀರ್ಘಕಾಲದ ರೋಗಿಯ ಬಾಳಿನಲ್ಲಿ ಆಸ್ಪತ್ರೆಯ ದಿನಗಳು ಕೆಲವು, ಮನೆಯ ದಿನಗಳು ಹಲವು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು, ಗುಣವಾಗದ ಕ್ಯಾನ್ಸರಿಗೆ ತುತ್ತಾದವರು ಕಡೆಗೆ ಮರಳುವುದು ಮನೆಗೇ. ಅಲ್ಲಿ ಅವರ ಗಾಯವನ್ನು ತೊಳೆದು ಪಟ್ಟಿ ಕಟ್ಟುವವರಾರು? ನೋವಿನಿಂದ ನಿದ್ದೆಗೆಟ್ಟವರಿಗೆ ವೇಳೆಯರಿತು ಔಷಧ ಕೊಡುವವರಾರು? ಈ ಪ್ರಶ್ನೆಗೆ ದೊರೆತ ಉತ್ತರವೇ ಸಮುದಾಯ ಶುಶ್ರೂಷೆ.

ಈ ಸೇವೆಯ ಒಂದು ಮುಖ್ಯ ಬೇರು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿದೆ. 1859ರಲ್ಲಿ ಅಲ್ಲಿನ ವರ್ತಕ ವಿಲಿಯಂ ರಾತ್‌ಬೋನ್ ತನ್ನ ಪತ್ನಿಯನ್ನು ಕಳೆದುಕೊಂಡನು. ಆಕೆಯ ಕೊನೆಗಾಲದಲ್ಲಿ ಆರೈಕೆ ಮಾಡಿದ ದಾದಿ ಮೇರಿ ರಾಬಿನ್ಸನ್. ಸಿರಿವಂತನಾದ ತನಗೇ ಇಂಥ ನೆರವು ಇಷ್ಟು ಅಗತ್ಯವಾದರೆ ಬಡವರ ಪಾಡೇನು ಎಂದು ಯೋಚಿಸಿದ ರಾತ್‌ಬೋನ್, ಆಕೆಗೆ ವೇತನ ಕೊಟ್ಟು ಬಡವರ ಮನೆಗಳಿಗೆ ಕಳುಹಿಸಿದನು. ಅಲ್ಲಿನ ಸಂಕಟವನ್ನು ಕಂಡ ಆಕೆ ಮೊದಲ ತಿಂಗಳಲ್ಲೇ ಕಣ್ಣೀರಿಟ್ಟು, ಈ ಕೆಲಸ ತನ್ನಿಂದಾಗದೆಂದಳು. ಆದರೂ ಬಿಡದೆ ಮುಂದುವರಿದಾಗ ಅದರ ಫಲ ಕಾಣಿಸಿತು. ಫ್ಲಾರೆನ್ಸ್ ನೈಟಿಂಗೇಲಳ ಸಲಹೆಯಂತೆ ದಾದಿಯರ ತರಬೇತಿಗೆ ಶಾಲೆಯೊಂದು ಹುಟ್ಟಿತು. ಮುಂದೆ ಇಡೀ ನಗರವನ್ನು 18 ವಿಭಾಗಗಳನ್ನಾಗಿ ಮಾಡಿ ದಾದಿಯರನ್ನು ನೇಮಿಸಲಾಯಿತು.

ನಮ್ಮ ನಾಡಿನಲ್ಲಿಯೂ ಈ ಭಾವ ಬೇರೂರಿದೆ. ವೆಲ್ಲೂರಿನಲ್ಲಿ ವೈದ್ಯೆ ಐಡಾ ಸ್ಕಡರ್ 1909ರಲ್ಲಿ ದಾದಿಯರ ಶಾಲೆಯನ್ನು ತೆರೆದರು. ಹಳ್ಳಿಗಳ ದಾರಿಬದಿಯಲ್ಲಿಯೇ ರೋಗಿಗಳನ್ನು ಉಪಚರಿಸುವ ಪದ್ಧತಿಯನ್ನು ಬೆಳೆಸಿದರು. ಬೆಂಗಳೂರಿನ ಹೆಬ್ಬಾಳದಲ್ಲಿ 1973ರಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಆಡಳಿತ 1989ರಲ್ಲಿ ಆ ವೆಲ್ಲೂರಿನ ಸಂಸ್ಥೆಗೇ ಸೇರಿತು. ಹೆಬ್ಬಾಳದ ಈ ಆಸ್ಪತ್ರೆ ತನ್ನ ಗೋಡೆಗಳೊಳಗೆ ನಿಲ್ಲದೆ, ಸುತ್ತಣ ಹಳ್ಳಿಗಳಿಗೂ ನಗರದ ಬಡ ಬಡಾವಣೆಗಳಿಗೂ ಆರೋಗ್ಯಸೇವೆಯನ್ನು ಒಯ್ದಿದೆ. ಗುಣವಾಗದ ರೋಗಿಗಳನ್ನು ಮನೆಯಲ್ಲಿಯೇ ಕಂಡು ಆರೈಕೆ ಮಾಡುವುದೂ ಅದರ ಕೆಲಸಗಳಲ್ಲೊಂದು.

ಇದೇ ನಗರದ ಕರುಣಾಶ್ರಯದ ಕಥೆಯೂ ಗಮನಾರ್ಹ. ಭಾರತೀಯ ಕ್ಯಾನ್ಸರ್ ಸಂಘದ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸಂಸ್ಥೆ ಕೂಡಿ 1994ರಲ್ಲಿ ಇದಕ್ಕಾಗಿ ಒಂದು ಧರ್ಮದರ್ಶಿ ಸಂಸ್ಥೆಯನ್ನು ಸ್ಥಾಪಿಸಿದವು. ಚಿಕಿತ್ಸೆ ಫಲಿಸದ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ಮಾಡುವ ಸೇವೆ 1995ರಲ್ಲಿ ಮೊದಲಾಯಿತು. ಮಾರತ್ತಹಳ್ಳಿಯ ಬಳಿಯ ಆಶ್ರಯಧಾಮ ತೆರೆದದ್ದು 1999ರಲ್ಲಿ. ಮೊದಲು ಸೇವೆ, ಅನಂತರ ಕಟ್ಟಡ! ದಾನಿಗಳ ನೆರವಿನಿಂದ ನಡೆಯುವ ಈ ಸಂಸ್ಥೆ ರೋಗಿಗಳಿಂದ ಹಣ ಪಡೆಯುವುದಿಲ್ಲ. ಸತ್ಕಾರ್ಯಕ್ಕೆ ಭವ್ಯ ಕಟ್ಟಡ ಕಾಯಬೇಕಾಗಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ರೋಗಿಯ ಆರೈಕೆ ಮನೆಯವರ ಕರ್ತವ್ಯ, ಅದಕ್ಕೆ ಹೊರಗಿನವರೇಕೆ ಎಂದು ಕೆಲವರು ಕೇಳುವುದುಂಟು. ಕರ್ತವ್ಯವೆಂಬುದು ನಿಜ. ಆದರೆ ಪ್ರೀತಿಯೊಂದರಿಂದಲೇ ಹಾಸಿಗೆ ಹುಣ್ಣು ಮಾಯುವುದಿಲ್ಲ. ರೋಗಿಯನ್ನು ಹೇಗೆ ಮಗ್ಗುಲು ತಿರುಗಿಸಬೇಕು, ಎಷ್ಟು ಹೊತ್ತಿಗೊಮ್ಮೆ ತಿರುಗಿಸಬೇಕು ಎಂಬುದನ್ನು ಕಲಿತವರೇ ಕಲಿಸಬೇಕು. ಅನುಭವಿಯಾದ ಮೇರಿ ರಾಬಿನ್ಸನ್ನಳೇ ಕಂಗೆಟ್ಟಳೆಂದ ಮೇಲೆ, ದಿನಗೂಲಿಯನ್ನು ಬಿಟ್ಟು ತಾಯಿಯ ಬಳಿ ಕೂರಲಾರದ ಮಗಳ ಗತಿಯೇನು? ದಾದಿ ಮನೆಯವರ ಸ್ಥಾನವನ್ನು ಕಸಿಯುವುದಿಲ್ಲ. ಅವರ ಕೈಗೆ ಬಲ ತುಂಬುತ್ತಾಳೆ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಸೇವೆ ಎಂದ ಮಾತ್ರಕ್ಕೆ ದಾದಿಯರು ಅಲ್ಪ ಸಂಬಳಕ್ಕೆ ತೃಪ್ತರಾಗಿರಬೇಕೆಂದು ಸಮಾಜ ಭಾವಿಸುತ್ತದೆ. ಇದು ನ್ಯಾಯವಲ್ಲ. ರೋಗಿಗೆ ಉಚಿತವಾಗಿ ದೊರೆಯಬೇಕಾದದ್ದು ಆರೈಕೆ. ಅದನ್ನು ನೀಡುವವಳ ದುಡಿಮೆ ಬಿಟ್ಟಿಯಾಗಬಾರದು. ರಾತ್‌ಬೋನ್ ಕೂಡ ವೇತನ ಕೊಟ್ಟೇ ದಾದಿಯನ್ನು ನೇಮಿಸಿದನಲ್ಲವೇ? ಹೊಗಳಿಕೆಯ ಹೂಮಾಲೆಗಿಂತ ಯೋಗ್ಯ ವೇತನ, ಒಳ್ಳೆಯ ತರಬೇತಿ, ಸುರಕ್ಷಿತ ಪ್ರಯಾಣ ಇವು ಮುಖ್ಯ. ಈ ವೆಚ್ಚವನ್ನು ದಾನಿಗಳೊಬ್ಬರೇ ಸದಾಕಾಲ ಹೊರಲಾರರು. ಧರ್ಮಸಂಸ್ಥೆಗಳು ದಾರಿ ತೋರಿದ ಮೇಲೆ ಸರ್ಕಾರವೂ ನಾಗರಿಕರೂ ಹೆಗಲು ಕೊಡಬೇಕು.

ಹೆಬ್ಬಾಳ, ಯಲಹಂಕಗಳು ಇಂದು ಮಹಾನಗರದ ಭಾಗಗಳಾಗಿವೆ. ಊರು ಬೆಳೆದಂತೆ ಮನೆಗಳ ನಡುವಣ ಗೋಡೆಗಳೂ ಬೆಳೆಯುತ್ತವೆ. ಪಕ್ಕದ ಮನೆಯ ನರಳಾಟ ನಮಗೆ ಕೇಳಿಸದೆ ಹೋಗುತ್ತದೆ. ಕಿರಿಯರಾದ ನೀವು ಗಾಯಕ್ಕೆ ಮದ್ದು ಹಾಕಲಾರಿರಿ. ಆದರೆ ಒಂಟಿಯಾದ ವೃದ್ಧರಿಗೆ ಔಷಧ ತಂದುಕೊಡಬಲ್ಲಿರಿ, ಪತ್ರಿಕೆ ಓದಿ ಹೇಳಬಲ್ಲಿರಿ, ಅವರ ಕಷ್ಟವನ್ನು ಬಲ್ಲವರಿಗೆ ತಿಳಿಸಬಲ್ಲಿರಿ. ಒಂದು ಊರು ಎಷ್ಟು ದೊಡ್ಡದೆಂಬುದನ್ನು ಅದರ ಕಟ್ಟಡಗಳ ಎತ್ತರದಿಂದ ಅಳೆಯಲಾಗದು. ಗುಣವಾಗದ ರೋಗಿಯ ಬಾಗಿಲನ್ನು ಅಲ್ಲಿ ಎಷ್ಟು ಮಂದಿ ತಟ್ಟುತ್ತಾರೆಂಬುದರಿಂದಲೇ ಅಳೆಯಬೇಕು.