ಹಳೆಯ ಯುದ್ಧವಿಮಾನ ಯಾರ ಸೊತ್ತು?

ಈಚೆಗೆ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಂಗಳದಲ್ಲಿ ಮಾರುತ್, ಅಜೀತ್, ಕಿರಣ್ ವಿಮಾನಗಳು ಸಾಲಾಗಿ ನಿಂತಿದ್ದುವು. ನಮ್ಮ ತಾತನವರು ಅದೇ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರೆಂದೂ, ನಾಲ್ಕು ಎಂಜಿನುಗಳ ಲಿಬರೇಟರ್ ಎಂಬ ಬಾಂಬರ್ ವಿಮಾನಗಳ ಮೈಗೆ ರಿವೆಟ್ ಹೊಡೆದವರೆಂದೂ ಮಾತಿನ ನಡುವೆ ಹೇಳಿದೆ. ಒಬ್ಬ ಹುಡುಗಿ ಸುತ್ತಲೂ ನೋಡಿ, “ಆ ವಿಮಾನಗಳು ಈಗ ಎಲ್ಲಿವೆ ಸಾರ್?” ಎಂದು ಕೇಳಿದಳು. ಅಂಗಳದಲ್ಲಿ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಹೊರಟದ್ದರ ಫಲ ಈ ಲೇಖನ.

ಲಿಬರೇಟರುಗಳ ಕಥೆ ವಿಚಿತ್ರವಾದುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಇವನ್ನು ಬ್ರಿಟಿಷರಿಗೆ ಎರವಲಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೆ ಕೆಲಸಕ್ಕೆ ಬಾರದಂತೆ ಮಾಡಬೇಕು ಎಂಬುದು ಕರಾರು. ಅದರಂತೆ ಕಾನ್ಪುರದ ಬಯಲಿನಲ್ಲಿ ಹತ್ತಾರು ವಿಮಾನಗಳನ್ನು ಬುದ್ಧಿಪೂರ್ವಕವಾಗಿ ಕೆಡಿಸಿ ಬಿಟ್ಟುಹೋದರು. 1948ರಲ್ಲಿ, ವಾಯುಪಡೆಗೆ ಭಾರಿ ಬಾಂಬರುಗಳು ಬೇಕಾಗಿ, ಕೊಳ್ಳಲು ಹಣವಿಲ್ಲದಿದ್ದಾಗ, ನಮ್ಮ ಕಾರ್ಖಾನೆಯವರು ಆ ರಾಶಿಯನ್ನು ಕೆದಕಿದರು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನು ಕೂಡಿಸಿ, ಹೇಗೋ ಹಾರುವಷ್ಟು ಮಟ್ಟಕ್ಕೆ ತಂದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿಯವರು ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣವಾಗಿ ದುರಸ್ತಾಗಿ, ಸುಮಾರು 40 ವಿಮಾನಗಳು ವಾಯುಪಡೆ ಸೇರಿದುವು. 1968ರವರೆಗೆ ಸೇವೆ ಮಾಡಿದುವು. ಬೇರೆ ದೇಶಗಳು ಎಂದೋ ಕರಗಿಸಿಬಿಟ್ಟಿದ್ದ ವಿಮಾನವನ್ನು ಬಡತನವೇ ನಮ್ಮಲ್ಲಿ ಬದುಕಿಸಿತು.

ಅಮೆರಿಕ ಈ ಜಾತಿಯ ವಿಮಾನಗಳನ್ನು 18,000ಕ್ಕೂ ಹೆಚ್ಚು ಕಟ್ಟಿತ್ತು. ಇಂದು ಪ್ರಪಂಚದಲ್ಲಿ ಇಡಿಯಾಗಿ ಉಳಿದಿರುವುವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಭಾರತದಿಂದ ಹೋದುವೇ. ಒಂದು 1969ರಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಪೀಮಾ ಸಂಗ್ರಹಾಲಯ ಸೇರಿತು. ಒಂದು 1974ರಲ್ಲಿ ಬ್ರಿಟನ್ನಿಗೆ ಹಾರಿಹೋಗಿ ಅಲ್ಲಿನ ವಾಯುಪಡೆಯ ಸಂಗ್ರಹಾಲಯಕ್ಕೆ ಸಂದಿತು. ಕೆನಡಾ ದೇಶ ಲೈಸಾಂಡರ್ ಎಂಬ ಹಳೆಯ ವಿಮಾನವನ್ನು ನಮಗೆ ಕೊಟ್ಟು ಒಂದು ಲಿಬರೇಟರನ್ನು ಪಡೆಯಿತು. ಇವೆಲ್ಲವೂ ಸಾರ್ವಜನಿಕ ಸಂಗ್ರಹಗಳು. ಆದರೆ ಇನ್ನೊಂದರ ಹಾದಿಯೇ ಬೇರೆ. ಅದನ್ನು 1981ರಲ್ಲಿ ಡಗ್ ಆರ್ನಾಲ್ಡ್ ಎಂಬ ಇಂಗ್ಲಿಷ್ ಸಂಗ್ರಾಹಕ ಕೊಂಡು, ಬಿಡಿಬಿಡಿಯಾಗಿ ಕಳಚಿ ಇಂಗ್ಲೆಂಡಿಗೆ ಸಾಗಿಸಿದ. 1984ರಲ್ಲಿ ರಾಬರ್ಟ್ ಕಾಲಿಂಗ್ಸ್ ಎಂಬ ಅಮೆರಿಕನ್ ಅದನ್ನು ಕೊಂಡ. ಐದು ವರ್ಷಗಳ ದುಡಿಮೆಯ ಮೇಲೆ, 1989ರಲ್ಲಿ, ಅದು ಮತ್ತೆ ಆಕಾಶಕ್ಕೇರಿತು.

ನಮ್ಮ ತಾತನವರು ತೀರಿಕೊಂಡದ್ದು 1996ರಲ್ಲಿ. “ಆ ವಿಮಾನಗಳೆಲ್ಲ ಏನಾದುವು?” ಎಂದು ಹುಡುಗನಾಗಿದ್ದ ನಾನು ಕೇಳಿದಾಗ, “ಇನ್ನೇನಾಗುತ್ತೆ, ಗುಜರಿಗೆ ಹೋಗಿರುತ್ತೆ” ಎಂದಿದ್ದರು. ಅವರು ಹಾಗೆ ನಂಬಿಕೊಂಡೇ ಹೋದರು. ಅವರು ದುಡಿದ ಗುಂಪಿನದೊಂದು ವಿಮಾನ ಆಗಲೇ ಏಳು ವರ್ಷಗಳಿಂದ ಹಾರಾಡುತ್ತಿತ್ತೆಂಬುದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ, ಖಾಸಗಿಯವರೇ ನಿಜವಾದ ರಕ್ಷಕರು ಎಂದು ತೀರ್ಪು ಕೊಡುವುದು ಸುಲಭ. ಸರಕಾರದ ಪಾಲನೆಯ ವಿರುದ್ಧ ಸಾಕ್ಷ್ಯಕ್ಕೇನೂ ಕೊರತೆಯಿಲ್ಲ. 1971ರ ಯುದ್ಧದಲ್ಲಿ ಸೀ ಹಾಕ್, ಅಲೀಜ್ ವಿಮಾನಗಳು ಯಾವ ವಿಕ್ರಾಂತ್ ಹಡಗಿನ ಮೇಲಿಂದ ಹಾರಿದುವೋ, ಆ ಹಡಗು 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ಕೆಲವು ಕಾಲ ಸಂಗ್ರಹಾಲಯವಾಗಿತ್ತು. ಅದನ್ನು ಸಾಕುವ ಹೊಣೆ ಯಾರೂ ಹೊರಲಾರದೆ 2014ರಲ್ಲಿ ಹರಾಜಾಗಿ ಒಡೆಯಲ್ಪಟ್ಟಿತು. ದೇಶದ ಸೊತ್ತೆಂಬ ಹೆಸರೊಂದೇ ಅದನ್ನು ಉಳಿಸಲಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಲಿಬರೇಟರನ್ನು ಹಾರಿಸಿದ ಕಾಲಿಂಗ್ಸ್ ಪ್ರತಿಷ್ಠಾನದ್ದೇ ಇನ್ನೊಂದು ಹಳೆಯ ಬಾಂಬರ್, ಬಿ-17, 2019ರ ಅಕ್ಟೋಬರ್ 2ರಂದು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿ, ಹಿಂದಿರುಗಿ ಇಳಿಯುವಾಗ ಅಪಘಾತಕ್ಕೀಡಾಯಿತು. ಏಳು ಜನ ಸತ್ತರು. 2022ರ ನವೆಂಬರಿನಲ್ಲಿ ಡಲ್ಲಾಸ್ ನಗರದ ಪ್ರದರ್ಶನವೊಂದರಲ್ಲಿ, ಮತ್ತೊಂದು ಖಾಸಗಿ ಸಂಘದ ಎರಡು ಹಳೆಯ ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು ಆರು ಜನ ಮಡಿದರು. ಜೀವಗಳ ಜೊತೆಗೆ, ಮತ್ತೆ ಕಟ್ಟಲಾಗದ ಮೂರು ವಿಮಾನಗಳೂ ಹೋದುವು. ಅಪಘಾತವಿಲ್ಲದಿದ್ದರೂ ಒಡೆಯನ ಉತ್ಸಾಹ ಅವನ ಆಯುಷ್ಯದಷ್ಟೇ. ಮಕ್ಕಳಿಗೆ ಆ ಹುಚ್ಚು ಇಲ್ಲದಿದ್ದರೆ ಸಂಗ್ರಹ ಹರಾಜಿನ ಕಟ್ಟೆ ಏರುತ್ತದೆ.

ಇನ್ನೂ ಒಂದು ತೊಡಕುಂಟು. ಹಾರಬೇಕಾದ ವಿಮಾನದಲ್ಲಿ ಸವೆದ ತಗಡು, ತುಕ್ಕು ತಿಂದ ಕೊಳವೆ ಯಾವುದನ್ನೂ ಉಳಿಸಿಕೊಳ್ಳುವಂತಿಲ್ಲ, ಎಲ್ಲವನ್ನೂ ಬದಲಿಸಬೇಕು. ಹಾಗೆ ಬದಲಿಸುತ್ತ ಹೋದರೆ ನಮ್ಮ ತಾತನವರು ಹೊಡೆದ ರಿವೆಟುಗಳಲ್ಲಿ ಎಷ್ಟು ಉಳಿದಾವು? ಕನ್ನಡ ಮೇಷ್ಟರಾದ ನನಗೆ ಇದು ನಮ್ಮ ಗ್ರಂಥಸಂಪಾದನೆಯ ಹಳೆಯ ಸಮಸ್ಯೆಯಂತೆಯೇ ಕಾಣುತ್ತದೆ. ಓಲೆಗರಿಯ ಮೂಲಪ್ರತಿಯನ್ನು ಲಿಪಿಕಾರನ ತಪ್ಪುಗಳ ಸಮೇತ, ಒಂದಕ್ಷರವನ್ನೂ ತಿದ್ದದೆ ಕಾಪಾಡಬೇಕು. ಓದುಗನಿಗಾಗಿ ತಿದ್ದಿ ಅಚ್ಚುಮಾಡಿದ ಪುಸ್ತಕವೂ ಬೇಕು. ನೆಲದ ಮೇಲೆ ಮೌನವಾಗಿ ನಿಂತ ವಿಮಾನ ಮೂಲಪ್ರತಿ. ಹಾರುವ ವಿಮಾನ ಪರಿಷ್ಕೃತ ಮುದ್ರಣ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಒಡೆತನದ ವಿಷಯದಲ್ಲಿಯೂ ಹಸ್ತಪ್ರತಿಗಳ ಇತಿಹಾಸ ಒಂದು ಪಾಠವನ್ನು ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಶತಮಾನಗಳ ಕಾಲ ಕಾಪಾಡಿದ್ದು ಯಾವ ಸರಕಾರವೂ ಅಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಯ ಕಟ್ಟನ್ನು ತಂದು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದರು. ಅಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ, ಲೋಕಕ್ಕೆ ತಿಳಿಯಿತು. ಖಾಸಗಿಯವರ ಶ್ರದ್ಧೆ ಉಳಿಸಿತು. ಸಾರ್ವಜನಿಕ ಸಂಸ್ಥೆ ಬೆಳಕಿಗೆ ತಂದಿತು. ಬೆಂಗಳೂರಿನ ವಿಮಾನ ಕಾರ್ಖಾನೆಯ ಹುಟ್ಟೂ ಇಂಥದೇ: 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಯೂ ಮೈಸೂರು ಸರಕಾರವೂ ಕೂಡಿ ಕಟ್ಟಿದ ಸಂಸ್ಥೆ ಅದು.

ಈ ಕೂಡುವಿಕೆಗೆ ನಮ್ಮ ಕಾಲದಲ್ಲಿಯೇ ಒಂದು ಒಳ್ಳೆಯ ನಿದರ್ಶನ ದೊರೆತಿದೆ. ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟ್ಟಾಗಿದ್ದ ತಮ್ಮ ತಂದೆಯವರ ಗೌರವಾರ್ಥ, ಗುಜರಿಯ ಸ್ಥಿತಿಯಲ್ಲಿದ್ದ ಡಕೋಟಾವೊಂದನ್ನು ಸ್ವಂತ ವೆಚ್ಚದಲ್ಲಿ ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಅರ್ಪಿಸಿದರು. 1947ರ ಅಕ್ಟೋಬರಿನಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ಸಂಖ್ಯೆಯನ್ನೇ ಹೊತ್ತು, ‘ಪರಶುರಾಮ’ ಎಂಬ ಹೆಸರಿನಿಂದ, ಅದು 2018ರಲ್ಲಿ ಭಾರತಕ್ಕೆ ಹಾರಿಬಂದಿತು. ಹಣವೂ ಹಂಬಲವೂ ಒಬ್ಬ ವ್ಯಕ್ತಿಯವು. ಒಡೆತನವೂ ಹೊಣೆಯೂ ರಾಷ್ಟ್ರದವು.

ಇಂಥದು ಆಕಸ್ಮಿಕವಾಗಿ ನಡೆದರೆ ಸಾಲದು. ನಮ್ಮ 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ, ಇಂಥ ವಸ್ತು ‘ಪ್ರಾಚೀನ’ ಎನಿಸಿಕೊಳ್ಳಬೇಕಾದರೆ ಅದಕ್ಕೆ 100 ವರ್ಷ ತುಂಬಿರಬೇಕು. 1961ರಲ್ಲಿ ಮೊದಲು ಹಾರಿದ ಮಾರುತ್, ಭಾರತದಲ್ಲಿಯೇ ರೂಪಿಸಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ, 2061ರವರೆಗೆ ಆ ಕಾನೂನಿನ ಕಣ್ಣಿಗೆ ಬರಿಯ ಲೋಹ. ಕಲ್ಲಿನ ವಿಗ್ರಹ 100 ವರ್ಷ ಕಾದೀತು. ಬಯಲಿನ ಬಿಸಿಲುಮಳೆಯಲ್ಲಿ ನಿಂತ ಅಲ್ಯೂಮಿನಿಯಮ್ ಕಾಯಲಾರದು.

ನಮ್ಮ ದೇವಾಲಯಗಳಲ್ಲಿ ಧರ್ಮದರ್ಶಿ ಎಂಬ ಪದವಿಯುಂಟು. ಗುಡಿಯ ಸೊತ್ತು ದೇವರದು. ಧರ್ಮದರ್ಶಿ ಅದರ ಒಡೆಯನಲ್ಲ. ಆದರೆ ಸೂರು ಸೋರಿದರೆ ಕೇಳಬೇಕಾದದ್ದು ಅವನನ್ನೇ. ಯುದ್ಧವಿಮಾನಗಳಿಗೂ ಇಂಥ ವ್ಯವಸ್ಥೆ ಬೇಕೆಂದು ನನ್ನ ಅಭಿಪ್ರಾಯ. ಸೇವೆಯಿಂದ ಇಳಿಯುವ ಪ್ರತಿಯೊಂದು ಜಾತಿಯ ವಿಮಾನದಲ್ಲಿ ಒಂದೆರಡನ್ನು ಸೂರಿನ ಕೆಳಗೆ ಮೂಲಸ್ಥಿತಿಯಲ್ಲಿಡುವುದು ರಾಷ್ಟ್ರದ ಕೆಲಸವಾಗಲಿ. ಮಿಕ್ಕವನ್ನು ಗುಜರಿಗೆ ತೂಗುವ ಮೊದಲು, ಸಾಕಲು ಶಕ್ತಿಯೂ ಶ್ರದ್ಧೆಯೂ ಉಳ್ಳ ಖಾಸಗಿ ಸಂಘಗಳಿಗೆ ಷರತ್ತಿನ ಮೇಲೆ ಒಪ್ಪಿಸಲಿ: ಜನರಿಗೆ ತೋರಿಸಬೇಕು, ತಪಾಸಣೆಗೆ ಒಳಪಡಬೇಕು, ದೇಶದಾಚೆ ಮಾರಕೂಡದು, ಸಾಕಲಾರದ ದಿನ ಹಿಂದಿರುಗಿಸಬೇಕು. ಯಾವ ವಿಮಾನ ಎಲ್ಲಿದೆ, ಯಾರ ಕೈಯಲ್ಲಿ ದುರಸ್ತಾಯಿತು ಎಂಬುದರ ದಾಖಲೆ ಎಲ್ಲರಿಗೂ ಸಿಗುವಂತಿರಲಿ.

ಆ ಹುಡುಗಿಗೆ ಮರುವಾರ ತರಗತಿಯಲ್ಲಿ ಉತ್ತರ ಹೇಳಿದೆ. ಭೂಪಟದಲ್ಲಿ ಅರಿಜೋನಾ, ಇಂಗ್ಲೆಂಡು, ಕೆನಡಾ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅವುಗಳನ್ನು ಯಾರು ದುರಸ್ತಿ ಮಾಡಿದರೆಂದು ಅಲ್ಲಿಯ ಫಲಕದಲ್ಲಿ ಬರೆದಿದ್ದಾರೆಯೆ?” ಎಂದಳು. ತಾತನವರು ಬದುಕಿದ್ದರೆ ಮೊದಲು ಕೇಳುತ್ತಿದ್ದದ್ದು ಇದನ್ನೇ ಇರಬೇಕು.