ಹೊರಗಿನ ಕಿಡಿ, ಒಳಗಿನ ಕಿಡಿ

ತಿಪಟೂರು, ತುರುವೇಕೆರೆ ಸುತ್ತಿನ ಎಷ್ಟೋ ತೆಂಗಿನ ತೋಟಗಳಲ್ಲಿ ಈಗ ಕಳೆ ಕೊಚ್ಚುವುದು ಪೆಟ್ರೋಲ್ ಯಂತ್ರದ ಕೆಲಸ. ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಯಂತ್ರವು ವೇಗ ತಗ್ಗಿಸಿದೊಡನೆ ನಿಂತುಹೋಗುತ್ತಿತ್ತು. ರಿಪೇರಿಯವನು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಹೊರಗೆ ಕಿಡಿ ಹಾರುವುದನ್ನು ತೋರಿಸಿ, ದೋಷವು ಕಾರ್ಬ್ಯುರೇಟರಿನದೇ ಎಂದು ತೀರ್ಮಾನಿಸಿದನು. ಹೊಸದಕ್ಕೆ ಹಣ ತೆತ್ತದ್ದಾಯಿತು; ದೋಷ ಹಾಗೆಯೇ ಉಳಿಯಿತು. ಕೊನೆಗೆ ಅದನ್ನು ನೀಗಿಸಿದ್ದು ಹೊಸ ಪ್ಲಗ್ಗು.

ಹೊರಗಿನ ಕಿಡಿ ಏಕೆ ಸಾಕ್ಷಿಯಾಗದು? ಸಿಲಿಂಡರಿನೊಳಗೆ ಒತ್ತಲ್ಪಟ್ಟ ಅನಿಲದಲ್ಲಿ ಅಷ್ಟೇ ಅಂತರವನ್ನು ದಾಟಲು ಕಿಡಿಗೆ ಹೆಚ್ಚಿನ ವೋಲ್ಟೇಜ್ ಬೇಕು. ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮವಿದು. ಆ ವೋಲ್ಟೇಜಿನ ಮೂಲ ತಿರುಗುವ ಗಾಲಿಯಲ್ಲಿರುವ ಕಾಂತ. ಫ್ಯಾರಡೆ 1831ರಲ್ಲಿ ಕಂಡಂತೆ, ಕಾಂತವು ಸುರುಳಿಯ ಮುಂದೆ ಮೆಲ್ಲಗೆ ಸರಿದರೆ ಪ್ರೇರಣೆಯೂ ಕ್ಷೀಣ. ಪ್ಲಗ್ಗಿಗೆ ಮಸಿ ಹಿಡಿದಿದ್ದರೆ ಅದರಲ್ಲೂ ಒಂದು ಪಾಲು ಸೋರಿಹೋಗುತ್ತದೆ.

ಇಂಧನದ ದೋಷವಿರುವುದೇ ಇಲ್ಲವೆಂದಲ್ಲ. ತಿಂಗಳುಗಟ್ಟಲೆ ಉಳಿದ ಪೆಟ್ರೋಲು ಅಂಟಾಗಿ, ನಿಧಾನಗತಿಯಲ್ಲಿ ಇಂಧನವೊದಗಿಸುವ ಕಿರುರಂಧ್ರವನ್ನು ಮುಚ್ಚುವುದುಂಟು. ಲಕ್ಷಣ ಎರಡಕ್ಕೂ ಒಂದೇ. ಹಲವು ಸಲ ಹಗ್ಗವೆಳೆದರೂ ಹೊತ್ತಿಕೊಳ್ಳದಿದ್ದರೆ ಪ್ಲಗ್ಗನ್ನು ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಕಿಡಿಯನ್ನು, ಒಣಗಿದ್ದರೆ ಇಂಧನವನ್ನು ಮೊದಲು ಶಂಕಿಸಬೇಕು.

ಆ ವಿದ್ಯಾರ್ಥಿಯು ಪ್ರೇರಣೆಯ ನಿಯಮವನ್ನು ನನಗೆ ತಪ್ಪಿಲ್ಲದೆ ಒಪ್ಪಿಸಿದ್ದನು. ಅದು ಅವನ ತೋಟದಲ್ಲೇ ದುಡಿಯುತ್ತಿದೆಯೆಂದು ನಾನು ಹೇಳಿರಲಿಲ್ಲ. ತಪ್ಪು ನನ್ನದೂ ಹೌದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಪಕ್ಕದಲ್ಲಿ ಇಂತಹ ಹಳೆಯ ಯಂತ್ರವೊಂದು ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಗುಜರಿಯಲ್ಲಿ ಅದು ಅಗ್ಗವಾಗಿಯೇ ದೊರೆಯುತ್ತದೆ.